ಬೀಳಿಸುವುದೂ ಒಂದು ವಿದ್ಯೆ

ಆ ಬಕೆಟ್ ಕಾರ್ಖಾನೆಯಲ್ಲಿ ಗುಡುಗಮ್ಮ ಅಂದರೆ ಎಲ್ಲರಿಗೂ ಗೊತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅವಳ ಬೈಗುಳದ ಗುಡುಗು ಕೇಳಿದ ಮೇಲೆ ಆ ಹೆಸರಿನಿಂದ ಕರೆಯುವ ಧೈರ್ಯ ಯಾರಿಗಿದೆ? ಅವಳು ನಡೆಸುತ್ತಿದ್ದ ಯಂತ್ರ ಒಂದು ಕಬ್ಬಿಣದ ಕೈ. ಅಚ್ಚಿನಿಂದ ಬಂದ ಬಕೆಟ್ಟನ್ನು ಎತ್ತಿ ಆಳೆತ್ತರದ ಅಟ್ಟದ ಮೇಲೆ ಇಡುವುದು ಅದರ ಕೆಲಸ. ಎತ್ತುತ್ತಿತ್ತು, ಪಾಪ. ಇಡುವ ಹೊತ್ತಿಗೆ ಬೆರಳು ಸಡಿಲವಾಗಿ ದಬ್ಬನೆ ಬೀಳಿಸುತ್ತಿತ್ತು. ಯಂತ್ರ ರಿಪೇರಿ ಮಾಡುವ ಫಿಟ್ಟರ್ ಬೇರೆ ಯಾರೂ ಅಲ್ಲ, ಅವಳ ಗಂಡನೇ. "ರೀ, ಇದನ್ನೊಂದು ನೋಡ್ರೀ" ಅಂದಾಗಲೆಲ್ಲ "ನಾಳೆ ಕಣೇ" ಅನ್ನುತ್ತಿದ್ದ. ಆ ನಾಳೆ ಇನ್ನೂ ಬಂದಿರಲಿಲ್ಲ. ಮನೆಯ ಬಚ್ಚಲಿನ ನಲ್ಲಿಯನ್ನೇನೋ ರಿಪೇರಿ ಮಾಡಿದ್ದ, ಅವತ್ತಿನಿಂದ ಅದು ಇನ್ನೂ ಜೋರಾಗಿ ಸೋರುತ್ತಿತ್ತು.

ಅಷ್ಟರಲ್ಲಿ ಹೊಸ ಇಂಜಿನಿಯರ್ ಹುಡುಗಿ ಬಂದಳು, ಜೊತೆಗೊಂದು ಕಂಪ್ಯೂಟರ್ ತಂದಳು. ಇನ್ನು ಮೇಲೆ ಯಾವ ಯಂತ್ರಕ್ಕೆ ಯಾವ ಕೆಲಸ ಅಂತ ಮನುಷ್ಯರು ಹೇಳಬೇಕಾಗಿಲ್ಲವಂತೆ. ಯಾವುದಕ್ಕೆ ಏನೇನು ಬರುತ್ತದೆ ಅಂತ ಒಮ್ಮೆ ತಿಳಿಸಿಬಿಟ್ಟರೆ ಸಾಕು, ಆರ್ಡರ್ ಬಂದಾಗ ಕಂಪ್ಯೂಟರೇ ಅರ್ಥ ಮಾಡಿಕೊಂಡು, "ಇದು ಯಾರಿಗೆ ಬರುತ್ತೆ?" ಅಂತ ಹುಡುಕಿ ಹಂಚುತ್ತದಂತೆ. ಮಾಲೀಕರು ಅದಕ್ಕೊಂದು ಬಾಲ ಸೇರಿಸಿದರು: "ಕಂಪ್ಯೂಟರ್ ಯಾವ ಯಂತ್ರವನ್ನ ಕರೆಯಲ್ವೋ ಅದು ಗುಜರಿಗೆ. ನಡೆಸೋರು ಮನೆಗೆ."

ಮುಚ್ಚಳದ ಯಂತ್ರದವನು ಬಡಾಯಿಕೋರ. ಕೊಯ್ಯುವುದು, ಕೊರೆಯುವುದು, ಬಗ್ಗಿಸುವುದು, ಬಣ್ಣ ಬಳಿಯುವುದು ಎಲ್ಲ ಬರುತ್ತದೆ ಅಂತ ಬರೆಸಿದ. ಕಂಪ್ಯೂಟರ್ ಎಲ್ಲವನ್ನೂ ಅವನ ತಲೆಗೇ ಕಟ್ಟಿತು. ಹಿಡಿಕೆಗಳ ರಾಶಿಯ ನಡುವೆ ಬ್ರಷ್ ಹಿಡಿದು ನಿಂತ ಅವನು ಅಳುವುದೊಂದು ಬಾಕಿ.

ಗುಡುಗಮ್ಮನ ಸರದಿ ಬಂದಾಗ ಅವಳ ಪಿತ್ತ ನೆತ್ತಿಗೇರಿತ್ತು. ಆಗಷ್ಟೇ ಒಂದು ಬಕೆಟ್ ಅವಳ ಕಾಲ ಮೇಲೆ ಬಿದ್ದಿತ್ತು.

"ನಿಮ್ಮ ಯಂತ್ರಕ್ಕೆ ಏನು ಬರುತ್ತೆ ಅಕ್ಕ?"

"ಬೀಳ್ಸೋಕೆ ಬರುತ್ತೆ! ಆಳೆತ್ತರಕ್ಕೆ ಒಯ್ದು ದಬ್ ಅಂತ ಬೀಳ್ಸೋಕೆ! ಬರ್ಕೊಳಮ್ಮ!"

ಹುಡುಗಿ ಬರೆದುಕೊಂಡೇಬಿಟ್ಟಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಸಿಟ್ಟಿಳಿದ ಮೇಲೆ ಗುಡುಗಮ್ಮನಿಗೆ ಹೊಳೆಯಿತು: ಬೀಳಿಸುವ ಯಂತ್ರವನ್ನು ಕಂಪ್ಯೂಟರ್ ಯಾಕೆ ಕರೆದೀತು? ದಿನವೂ ಬೈದರೂ ಆ ಕೈಯನ್ನು ಕಂಡರೆ ಅವಳಿಗೆ ಜೀವ. ಕಂಪ್ಯೂಟರ್ ಎಲ್ಲರನ್ನೂ ಕರೆಯಿತು, ಅವಳನ್ನು ಬಿಟ್ಟು. ಗುಡುಗೇ ನಿಂತುಹೋಯಿತು. ಮನೆಯಲ್ಲೂ ಮಾತಿಲ್ಲ, ಕಥೆಯಿಲ್ಲ.

ಒಂದು ಮಧ್ಯಾಹ್ನ ಇಂಜಿನಿಯರ್ ಹುಡುಗಿ ಓಡಿಬಂದಳು. "ಅಕ್ಕಾ! ದೊಡ್ಡ ಆರ್ಡರ್! ಪ್ರತಿ ಬಕೆಟ್ಟನ್ನೂ ಆಳೆತ್ತರದಿಂದ ಬೀಳ್ಸಿ, ಒಡೆಯದೇ ಇದ್ದದ್ದನ್ನ ಮಾತ್ರ ಕಳ್ಸಬೇಕಂತೆ. ಬೀಳ್ಸೋಕೆ ಬರೋದು ಇಡೀ ಕಾರ್ಖಾನೇಲಿ ನಿಮ್ಮದಕ್ಕೊಂದೇ! ಮಾಲೀಕರು ಗಿರಾಕಿನ ಕರ್ಕೊಂಡು ನೋಡೋಕೆ ಬರ್ತಿದಾರೆ!"

ಗುಡುಗಮ್ಮನಿಗೆ ಆಕಾಶಕ್ಕೆ ಮೂರೇ ಗೇಣು. ಗುಂಡಿ ಒತ್ತಿದಳು. ಕೈ ಬಕೆಟ್ಟನ್ನು ಎತ್ತಿತು. ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಅಟ್ಟದ ಮೇಲೆ ಮೆತ್ತಗೆ ಇಟ್ಟಿತು. ಇನ್ನೊಮ್ಮೆ ಒತ್ತಿದಳು. ಇನ್ನೂ ಮೆತ್ತಗೆ.

ಹಿಂದೆ ಗಂಡ ಹಲ್ಲು ಕಿರಿಯುತ್ತಾ ನಿಂತಿದ್ದ. "ಹೇಗಿದೆ? ಊಟ ಬಿಟ್ಟು ಸರಿ ಮಾಡ್ದೆ ಕಣೇ. ನೀನು ಬೈಯದೇ ಇದ್ದದ್ದನ್ನ ನೋಡೋಕಾಗ್ಲಿಲ್ಲ."

"ಅಯ್ಯೋ ನನ್ನ ಕರ್ಮವೇ! ಇಷ್ಟು ವರ್ಷ ಬಾರದ ನಾಳೆ ಇವತ್ತೇ ಬರಬೇಕಿತ್ತಾ?"

ವಿಷಯ ಕೇಳಿ ಅವನ ಮುಖ ಬಿಳುಚಿಕೊಂಡಿತು. ಸ್ಪ್ಯಾನರ್ ಹಿಡಿದು ಒಂದು ಬೋಲ್ಟ್ ಸಡಿಲಿಸಿದ. ಕೈ ಬಕೆಟ್ಟನ್ನು ಎತ್ತಲೇ ಇಲ್ಲ. ಬಿಗಿ ಮಾಡಿದ, ಮತ್ತೆ ಅದೇ ತೊಟ್ಟಿಲು. ಅಂಗಳದಲ್ಲಿ ಮಾಲೀಕರ ನಗು ಕೇಳಿಸಿತು.

"ಸರಿ ಮಾಡೋಕೆ ಗೊತ್ತು ಕಣೇ," ಅಂದ, ಕಣ್ಣಲ್ಲಿ ನೀರು. "ಬೇಕಂತಲೇ ಕೆಡ್ಸೋಕೆ ನನಗೆ ಬರಲ್ಲ."

ಗುಡುಗಮ್ಮ ಅವನನ್ನು ನೋಡಿದಳು. ಊಟ ಬಿಟ್ಟ ಮುಖ, ಗ್ರೀಸ್ ಮೆತ್ತಿದ ಮೂಗು. ಸಿಟ್ಟೆಲ್ಲ ಇಳಿದುಹೋಗಿ ಅಯ್ಯೋ ಅನ್ನಿಸಿತು. ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ರೀ, ಇದು ಕಾರ್ಖಾನೆ ಅನ್ನೋದನ್ನ ಮರೆತುಬಿಡಿ. ನಮ್ಮನೆ ಬಚ್ಚಲಿನ ನಲ್ಲಿ ಅಂದ್ಕೊಂಡು ರಿಪೇರಿ ಮಾಡಿ."

ಅವನು ಅಂಗಿಯ ತೋಳು ಮಡಚಿದ. ಮನಸ್ಸಿಟ್ಟು, ಶ್ರದ್ಧೆಯಿಂದ, ಮನೆಯಲ್ಲಿ ಮಾಡುವ ಹಾಗೇ ಮಾಡಿದ.

ಮಾಲೀಕರ ಎದುರಿಗೆ ಕೈ ಬಕೆಟ್ಟನ್ನು ಎತ್ತಿತು, ಆಳೆತ್ತರಕ್ಕೆ ಒಯ್ದಿತು, ದಬ್ಬನೆ ಬೀಳಿಸಿತು.