ಬಾಗಿಲಾಚೆ ನಿಂತವಳು

"ಅವ್ಳ್ನ ಒಳಕ್ಕೆ ಕರ್ಕಳವ್ವ. ಎಷ್ಟ್ ದಿನಾಂತ ಆಚೇಲೇ ನಿಂತಿರ್ತಾಳೆ?" ಪುಟ್ಟಗೌರಮ್ಮ ಮೊರದಿಂದ ತಲೆ ಎತ್ತದೆ ಹೇಳಿದಳು.

ಸೊಸೆ ಮಾನಸಳ ತೊಡೆಯ ಮೇಲೆ ಅನುವಾದದ ಕೊನೆಯ ಹಾಳೆಗಳಿದ್ದವು. ಹೆಸರಾಂತ ಲೇಖಕನೊಬ್ಬನ ಬದುಕನ್ನು ದೆವ್ವದ ಕಥೆಯಾಗಿ ಕಟ್ಟಿದ ಇಂಗ್ಲಿಷ್ ಕಾದಂಬರಿ ಅದು. ಹೆರಿಗೆಯಲ್ಲಿ ಸತ್ತ ಮೊದಲ ಹೆಂಡತಿ ಅವನ ಮನೆಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅವಳ ಮೇಲೆ ಪುಸ್ತಕದ ಮೇಲೆ ಪುಸ್ತಕ ಬರೆದು ಆತ ದೊಡ್ಡ ಮನುಷ್ಯನಾಗುತ್ತಾನೆ, ಬಾಗಿಲು ಮಾತ್ರ ತೆಗೆಯುವುದಿಲ್ಲ. ಎರಡನೆಯ ಹೆಂಡತಿ ತೆಗೆಯಗೊಡುವುದೂ ಇಲ್ಲ. ನರಸೀಪುರದ ಕಾಲೇಜಿನಲ್ಲಿ ಪಾಠ ಮುಗಿಸಿ ಬನ್ನೂರಿಗೆ ಬಂದ ಮೇಲೆ, ಬರೆದಷ್ಟನ್ನು ಮಾನಸ ಅತ್ತೆಗೆ ಓದಿ ಹೇಳುತ್ತಿದ್ದಳು. ಅತ್ತೆಗೆ ಅರ್ಥವಾದರೆ ಊರಿಗೇ ಆದಂತೆ ಎಂಬುದು ಅವಳ ಲೆಕ್ಕ.

ಒಂದನ್ನು ಮಾತ್ರ ಅವಳು ಎಣಿಸಿರಲಿಲ್ಲ. ಮಾವ ರಾಮಯ್ಯನಿಗೂ ಮೊದಲೊಬ್ಬ ಹೆಂಡತಿಯಿದ್ದಳು, ನಿಂಗಾಜಮ್ಮ. ಅವಳೂ ಹೆರಿಗೆಯಲ್ಲೇ ಹೋದವಳು. ಹಿರಿಯರ ಹಬ್ಬದಲ್ಲಿ ಅವಳಿಗೊಂದು ಎಡೆ ಇಡಲು ಪುಟ್ಟಗೌರಮ್ಮ ಎಂದೂ ಒಪ್ಪಿರಲಿಲ್ಲ. ಸತ್ತವಳ ಮೇಲೂ ಹೊಟ್ಟೆಕಿಚ್ಚು! ಈಗ ನೆನೆದರೆ ಅತ್ತೆಗೇ ನಾಚಿಕೆ. ಕಥೆಯಲ್ಲಾದರೂ ಆ ಹೆಣ್ಣು ಒಳಗೆ ಬಂದರೆ ತನ್ನ ಎದೆ ಹಗುರಾದೀತು ಎಂದು ಕಾದಿದ್ದಳು.

"ಬರೆದೋರು ಅವಳನ್ನ ಆಚೆನೇ ಬಿಟ್ಟಿದ್ದಾರೆ ಅತ್ತೆ."

"ನೀನೊಂದ್ ಗೆರೆ ಸೇರ್ಸುದ್ರೆ ಯಾರ್ ಬಂದ್ ಕೇಳಾರು?"

"ಯಾರೂ ಕೇಳಲ್ಲ. ಆದ್ರೂ ಸೇರ್ಸಲ್ಲ."

ಪುಟ್ಟಗೌರಮ್ಮ ಮಾತು ಬಿಟ್ಟಳು. ಸಾರಿಗೆ ಉಪ್ಪು ಸಾಕೇ ಎಂಬುದನ್ನೂ ಮಗ ಕಿರಣನ ಬಾಯಲ್ಲೇ ಕೇಳಿಸಿದಳು. ಮಾನಸ ಜಗ್ಗಲಿಲ್ಲ, ಪ್ರತಿಯನ್ನು ಇದ್ದ ಹಾಗೆಯೇ ಪ್ರಕಾಶಕರಿಗೆ ಕಳಿಸಿದಳು.

ಮಹಾಲಯ ಅಮಾವಾಸ್ಯೆ ಬಂತು. ನಡುಮನೆಯಲ್ಲಿ ರಾಮಯ್ಯ ಅಪ್ಪನ ಎಡೆಗೆ ಬೀಡಿಕಟ್ಟು, ಅವ್ವನ ಎಡೆಗೆ ಎಲೆಅಡಿಕೆ ಇಟ್ಟು ಎದ್ದ. ಪುಟ್ಟಗೌರಮ್ಮ ಇನ್ನೊಂದು ಬಾಳೆಎಲೆ ತಂದು ಪಕ್ಕದಲ್ಲೇ ಹಾಸಿದಳು. ಮಡಿಕೆ ಬಿಚ್ಚದ ಹೊಸ ಸೀರೆಯೊಂದನ್ನು ಅದರ ಮುಂದಿಟ್ಟಳು.

"ಇದ್ ಯಾರ್ಗಮ್ಮಿ?" ರಾಮಯ್ಯ ಕೇಳಿದ.

"ನಿಂಗಾಜಮ್ಮಕ್ಕಂಗೆ." ದನಿ ಗಟ್ಟಿಯಾಗಿತ್ತು. "ಬರ್ಯೋರು ಕರೀದಿದ್ರೆ ಬುಡ್ಲಿ, ನಾನ್ ಕರೀತೀನಿ. ಅಕ್ಕಂಗೆ ತಿನ್ನಾಕೆ ಏನ್ ಇಷ್ಟ ಇತ್ತು?"

ಮಾನಸ ಬಡಿಸಲು ಸೌಟು ಹಿಡಿದು ಬಂದಳು.

"ಗೊತ್ತಿಲ್ಲ ಕಣಮ್ಮಿ," ಎಂದ ರಾಮಯ್ಯ. "ನಾನ್ ಯಾವತ್ತೂ ಕೇಳ್ನೇ ಇಲ್ಲ."

ಪುಟ್ಟಗೌರಮ್ಮ ಸೊಸೆಯ ಕೈಯಿಂದ ಸೌಟು ತೆಗೆದುಕೊಂಡಳು. ಅಡುಗೆಮನೆಯ ಪಾತ್ರೆಗಳನ್ನೆಲ್ಲ ತರಿಸಿ, ಒಂದನ್ನೂ ಬಿಡದೆ, ಆ ಎಲೆಗೆ ಸ್ವಲ್ಪ ಸ್ವಲ್ಪವೇ ಬಡಿಸತೊಡಗಿದಳು.