ವಿರೂಪಮ್ಮನ ನಲವತ್ತೊಂದು ನಿಮಿಷ

ಕಂಪ್ಯೂಟರಿನ ವಿಷಯ ಅರೆಬರೆ ತಿಳಿದವರು ಕಥೆ ಹೇಳಹೊರಟರೆ ಪೂರ್ತಿ ತಿಳಿದವರಿಗೆ ನಗು ಬರುತ್ತದೆ. ಇನ್ನೊಬ್ಬರ ಮನೆಯ ಮಾತನ್ನು ಬೀದಿಗೆ ತಂದರೆಂದು ಬೈಯುವವರೂ ಇರಬಹುದು. ಇಬ್ಬರಲ್ಲೂ ಮೊದಲೇ ಕ್ಷಮೆ ಕೇಳಿ, ಬಳ್ಳಾರಿಯ ಭೀಮರಾಜನ ಮನೆಯಲ್ಲಿ ನಡೆದದ್ದನ್ನು ತಿಳಿದಷ್ಟು ಹೇಳಬೇಕಾಗಿದೆ.

ಭೀಮರಾಜ ಹಗಲು ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದುಕೊಂಡು ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು. ಅಲ್ಲಿ ಅವನು ಕಲಿತದ್ದರಲ್ಲಿ ಒಂದು ಪಠ್ಯದಲ್ಲಿರಲಿಲ್ಲ: ತಿಳಿಯದಿದ್ದರೂ ತಲೆಯಾಡಿಸುವುದು. ಯಾರಾದರೂ ಎದ್ದು "ಇನ್ನೊಮ್ಮೆ ಹೇಳ್ರಿ ಸರ" ಎಂದರೆ ಹಿಂದಿನ ಬೆಂಚಿನಿಂದ "ಲೇ, ಕಡೀ ಬಸ್ ಹೋಗತೈತಿ, ಕುಂದ್ರಲೇ" ಎಂಬ ಕೂಗು ಬರುತ್ತಿತ್ತು. ವಯಸ್ಸು ನಲವತ್ತು ದಾಟಿದರೂ ಆ ಅಭ್ಯಾಸ ಅವನನ್ನು ಬಿಟ್ಟಿರಲಿಲ್ಲ.

ಅವನ ತಂಗಿ ಗೌತಮಿ ಸಮಾಜಕಾರ್ಯದ ಕೊನೆಯ ವರ್ಷದಲ್ಲಿದ್ದಳು. ಸಿರುಗುಪ್ಪದ ಕಡೆ ಭತ್ತ ನಾಟಿ ಹಚ್ಚುವ ಹೆಂಗಸರ ಬಗ್ಗೆ ಅವಳ ಪ್ರಬಂಧ. ಅವಳು ಊರೂರು ತಿರುಗಿ ಅವರ ಮಾತನ್ನು ಫೋನಿನಲ್ಲಿ ತುಂಬಿಕೊಂಡು ಬರುವುದು, ಅಣ್ಣ ಬಿಡುವಿನಲ್ಲಿ ಕೇಳಿ ಟೈಪ್ ಮಾಡುವುದು ಎಂದು ಒಪ್ಪಂದವಾಗಿತ್ತು. ತೊಡಕಿದ್ದದ್ದು ಕಂಪ್ಯೂಟರುಗಳಲ್ಲಿ. ಅಣ್ಣನದು ವಿಂಡೋಸ್ ಇದ್ದ ಡೆಸ್ಕ್‌ಟಾಪ್. ತಂಗಿಯ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಭಾರವಾಗಿ, ಅವಳ ಗೆಳೆಯ ಹಂಪೇಶ್ ಅದರಲ್ಲಿ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟಿದ್ದ. ಪೆನ್‌ಡ್ರೈವ್ ಒಮ್ಮೆ ಜೆರಾಕ್ಸ್ ಅಂಗಡಿಗೆ ಹೋಗಿ ವೈರಸ್ ಹೊತ್ತುಕೊಂಡು ಬಂದಮೇಲೆ ಮನೆಯಲ್ಲಿ ಅದಕ್ಕೆ ಬಹಿಷ್ಕಾರ.

ಹಂಪೇಶ್ ಕುರುಗೋಡಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನು. ಒಂದು ದಿನ ಬಂದು ವೈಫೈ ಮೂಲಕವೇ ಎರಡನ್ನೂ ಜೋಡಿಸಿದ. ಭೀಮರಾಜನ ಪರದೆಯಲ್ಲಿ ಝಡ್ ಎಂಬ ಹೊಸ ಡಿಸ್ಕೊಂದು ಮೂಡಿತು.

"ಇದು ನಿಮ್ಮ ಮಷೀನಿಂದಲ್ಲರಿ ಭೀಮಣ್ಣಾರ, ಗೌತಮಿ ಲ್ಯಾಪ್‌ಟಾಪಿಂದು. ಇದು ಬರೇ ಕಿಟಕಿ ಇದ್ದಂಗ. ನೀವು ಟೈಪ್ ಮಾಡಿದ್ದು ಅಲ್ಲೇ ಇಡಾಕ ಬರಲೆಂತ ಬರೆಯೋ ಅನುಮತೀನೂ ಕೊಟ್ಟೀನಿ. ತಿಳೀತಿಲ್ರಿ?"

ಭೀಮರಾಜ ತಲೆಯಾಡಿಸಿದ.

ಝಡ್‌ನಲ್ಲಿದ್ದ ರೆಕಾರ್ಡುಗಳನ್ನು ಒಂದೊಂದಾಗಿ ತನ್ನ ಡಿ ಡಿಸ್ಕಿಗೆ ಇಳಿಸಿಕೊಂಡು ಒಂಬತ್ತು ಹೆಂಗಸರ ಮಾತನ್ನು ಅವನು ಟೈಪ್ ಮಾಡಿದ. ಹತ್ತನೆಯದು ದೇಶನೂರಿನ ವಿರೂಪಮ್ಮನದು. ಆಕೆ ಇವರ ತಾಯಿ ಹಂಪಕ್ಕನ ಜೊತೆ ಒಂದೇ ಗದ್ದೆಯಲ್ಲಿ ಇಪ್ಪತ್ತು ವರ್ಷ ನಾಟಿ ಹಚ್ಚಿದವಳು. ಗೌತಮಿ ಮೂರು ಸಲ ಹೋದರೂ ಬಾಯಿ ಬಿಟ್ಟಿರಲಿಲ್ಲ. ನಾಲ್ಕನೆಯ ಸಲ, "ಆ ಫೋನ್ ಹೆಂಗ ಹಚ್ಚಬೇಕು ತೋರಿಸಿ ನೀನು ಹೊರಗ ಹೋಗು. ನಾನು ಅದಕ್ಕs ಹೇಳ್ತೀನಿ" ಎಂದಿದ್ದಳು. ಗೌತಮಿ ಕಟ್ಟೆಯ ಮೇಲೆ ಕಾದಿದ್ದಳು. ಒಳಗಿಂದ ಬಂದ ವಿರೂಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಟೈಪ್ ಆದಮ್ಯಾಲ ಕೇಳು, ಈಗ ಬ್ಯಾಡ" ಎಂದು ಫೋನು ಕೊಟ್ಟಳಂತೆ. ಗೌತಮಿ ಆ ಮಾತಿಗೆ ಕಟ್ಟುಬಿದ್ದು ಕೇಳದೆಯೇ ಅದನ್ನು ಶನಿವಾರ ಸಂಜೆ ಲ್ಯಾಪ್‌ಟಾಪಿಗೆ ಹಾಕಿದಳು. ಜಾಗ ಸಾಲದ ಫೋನಿನಿಂದ ಎಂದಿನಂತೆ ಅಳಿಸಿದಳು. ನೋಟುಬುಕ್ಕಿನಲ್ಲಿ ಬರೆದಳು: ವಿರೂಪಮ್ಮ, ದೇಶನೂರು, ನಲವತ್ತೊಂದು ನಿಮಿಷ.

ಅಣ್ಣನಿಗೆ ಹೇಳಲು ಮರೆತಳು.

ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಶುಚಿ ಮಾಡುವುದು ಭೀಮರಾಜನ ವ್ರತ. ಒದ್ದೆ ಬಟ್ಟೆಯಲ್ಲಿ ಪರದೆ ಒರೆಸಿ, ಬೇಡವಾದ ಫೈಲು ತೆಗೆದು, ಅವು ಹೋಗಿ ಬೀಳುವ ಕಸದ ಬುಟ್ಟಿ ಖಾಲಿ ಮಾಡುತ್ತಿದ್ದ. ಆ ದಿನ ಝಡ್‌ನಲ್ಲಿ ಜಾಗ ಎಷ್ಟಿದೆಯೆಂದು ತೋರಿಸುವ ಪಟ್ಟಿ ತುಂಬಿ ಕೆಂಪಾಗಿತ್ತು. ಅವನಿಗೆ ಗಾಬರಿಯಾಯಿತು. ಒಳಗೆ ನೋಡಿದರೆ ಡಿಯಲ್ಲಿದ್ದ ಹೆಸರುಗಳೇ ಇಲ್ಲಿಯೂ ಇವೆ. ಇವು ತನಗೆ ಕಳಿಸಿದ ಪ್ರತಿಗಳು, ಅಸಲು ತಂಗಿಯ ಹತ್ತಿರ ಇದ್ದೇ ಇರುತ್ತದೆ ಎಂದುಕೊಂಡ. ಎಣಿಸಲಿಲ್ಲ. ಎಲ್ಲ ಗುರುತು ಹಾಕಿ ಅಳಿಸಿದ. ಎಂದೂ ಕೇಳದ ಪ್ರಶ್ನೆಯೊಂದನ್ನು ಕಂಪ್ಯೂಟರ್ ಕೇಳಿತು: ಶಾಶ್ವತವಾಗಿ ಅಳಿಸಲೇ? ಹೌದು ಎಂದ. ಆಮೇಲೆ ಕಸದ ಬುಟ್ಟಿ ನೋಡಿದರೆ ಅದು ಆಗಲೇ ಖಾಲಿ. ಒಂದು ಕೆಲಸ ಉಳಿಯಿತೆಂದು ಖುಷಿಯೇ ಆಯಿತು.

ಮಧ್ಯಾಹ್ನ ಗೌತಮಿ ಲ್ಯಾಪ್‌ಟಾಪ್ ಹಿಡಿದು ಪಡಸಾಲೆಗೆ ಬಂದಳು. "ಅಣ್ಣಾ, ರೆಕಾರ್ಡ್ ಒಂದೂ ಕಾಣಾಕತ್ತಿಲ್ಲ. ಏನರೆ ಮಾಡಿದೇನು?"

ಕಿಟಕಿ ಎಂದರೆ ಏನೆಂಬುದು, ತಾನು ಅಳಿಸಿದ್ದು ತಂಗಿಯ ಅಸಲನ್ನೇ ಎಂಬುದು ಭೀಮರಾಜನಿಗೆ ಆ ಕ್ಷಣ ತಿಳಿಯಿತು. "ನಾನೇನ್ ಮಾಡ್ಲವ್ವ? ಒಂಬತ್ತು ನನ್ನ ಹತ್ರ ಅದಾವು, ತಗೋ."

"ಒಂಬತ್ತಲ್ಲ, ಹತ್ತು. ವಿರೂಪಮ್ಮಂದು ನಿನ್ನೆ ಹಾಕಿದ್ದೆ."

ಹೇಳಬೇಕಾದದ್ದು ಆಗಲೇ. ಅವನ ಬಾಯಿಂದ ಬಂದದ್ದು ಬೇರೆ: "ನಿನ್ನ ಆ ಪುಕ್ಕಟೆ ಸಿಸ್ಟಮ್ಮು ನುಂಗಿರಬೇಕು. ರೊಕ್ಕ ಕೊಡದ ಬಂದದ್ದು ಹಂಗs."

ಅಕ್ಕಿ ಆರಿಸುತ್ತಿದ್ದ ಹಂಪಕ್ಕ ತಲೆ ಎತ್ತಿ, "ಪುಕ್ಕಟೆ ಅಂದ್ರ ನಾನೂ ಈ ಮನ್ಯಾಗ ಪುಕ್ಕಟೆ ದುಡೀತೀನಿ. ನಾನೇನು ನುಂಗೀನಿ?" ಎಂದಳು.

ಫೋನಿನಲ್ಲಿ ಹಂಪೇಶ್ ಕೇಳಿದ್ದು ಒಂದೇ ಪ್ರಶ್ನೆ: ಯಾರಾದರೂ ಅಳಿಸಿದಿರಾ? ಗೌತಮಿ ಅಣ್ಣನ ಮುಖ ನೋಡಿದಳು. ಅವನು ಇಲ್ಲವೆಂದು ತಲೆಯಾಡಿಸಿದ. "ಹಂಗಾದ್ರ ತಪ್ಪು ನಂದs ಇರಬೇಕು" ಎಂದ ಹಂಪೇಶ್. ಶುಕ್ರವಾರ ತಾನೇ ಏನೋ ಅಪ್‌ಡೇಟ್ ಮಾಡಿದ್ದೆ ಎಂದು ನೆನಪಿಸಿಕೊಂಡ.

ಬುಧವಾರ ಕ್ಲಾಸಿಗೆ ರಜೆ ಕೊಟ್ಟು ಕುರುಗೋಡಿನಿಂದ ಬಸ್ಸು ಹಿಡಿದು ಬಂದ. ಅಪ್‌ಡೇಟ್ ಕೆಡಿಸಿದ್ದು ಹುಡುಕಿದರೂ ಸಿಗದು, ತಾನಾಗಿ ಫೈಲು ನುಂಗುವ ಮಷೀನನ್ನು ನಂಬುವಂತಿಲ್ಲ, ಪೂರ್ತಿ ಒರೆಸಿ ಹೊಸದಾಗಿ ಹಾಕಿಬಿಡುವುದೇ ಕ್ಷೇಮ ಎಂದ. ಒಂದು ಕೈಯಲ್ಲಿ ಹಂಪಕ್ಕ ಕೊಟ್ಟ ಚಹಾ, ಇನ್ನೊಂದು ಕೈ ಕೀಲಿಮಣೆಯ ಮೇಲೆ.

"ಒರೆಸಿದ್ರ ಹಳೇದು ಏನೂ ಸಿಗಂಗಿಲ್ಲ. ಒರೆಸ್ಲೇನ್ರಿ ಭೀಮಣ್ಣಾರ?"

ಬೇಡ ಎಂಬ ಒಂದು ಮಾತು ಸಾಕಿತ್ತು. ಭೀಮರಾಜ ತಲೆಯಾಡಿಸಿದ.

ಮುಂದಿನ ಭಾನುವಾರ ಅಣ್ಣ ತಂಗಿ ಇಬ್ಬರೂ ಸಿರುಗುಪ್ಪದ ಬಸ್ಸು ಹತ್ತಿ ದೇಶನೂರಿಗೆ ಹೋದರು. ಇನ್ನೊಮ್ಮೆ ಹೇಳೆಂದು ವಿರೂಪಮ್ಮನನ್ನು ಬೇಡುವುದು ಗೌತಮಿಯ ಕೆಲಸ. ಜೊತೆಗೆ ಹೋದದ್ದು ಏಕೆಂದು ಭೀಮರಾಜನಿಗೇ ಸರಿಯಾಗಿ ತಿಳಿದಿರಲಿಲ್ಲ.

ವಿರೂಪಮ್ಮ ಬಾಗಿಲಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. "ಬರ್ರಿ, ಹಂಪಕ್ಕನ ಮಕ್ಕಳು ಇಬ್ಬರೂ ಬಂದೀರಿ! ನಿಮ್ಮವ್ವ ಹಾಡು ಬಿಟ್ಟಾಳೋ ಇನ್ನಾ ಹಾಡ್ತಾಳೋ? ನಾಟಿ ಹಚ್ಚುವಾಗ ಆಕಿ ದನಿಗೆ ಕೊಕ್ಕರೆ ಎದ್ದು ಹೋಗ್ತಿದ್ವು."

ಗೌತಮಿ ತಡವರಿಸುತ್ತ ಹೇಳಿದಳು: "ದೊಡ್ಡವ್ವ, ನೀ ಹೇಳಿದ್ದು ಹೋತು. ಹಂಪೇಶ್ ಅಂತ ನನ್ನ ಗೆಳೆಯ, ಅವನ ಕೈತಪ್ಪಿ..."

"ಅವನಲ್ಲ," ಎಂದ ಭೀಮರಾಜ. "ನಾನs. ಅಳಿಸಿದಾಂವ ನಾನು."

ಗೌತಮಿ ಅವನ ಕಡೆ ತಿರುಗಲೇ ಇಲ್ಲ. ಅಂಗಳದ ಕೋಳಿಯನ್ನು ನೋಡುತ್ತ ನಿಂತಳು. ಅವಳ ಕುತ್ತಿಗೆ ಕೆಂಪಾದದ್ದು ಅವನಿಗೆ ಕಂಡಿತು.

ವಿರೂಪಮ್ಮ ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟಳು. "ನಾ ಹೇಳಿದ್ದನ್ನ ಕೇಳಿ ಅಳಿಸಿದ್ಯೋ, ಕೇಳದs ಅಳಿಸಿದ್ಯೋ?"

"ಕೇಳಿಲ್ಲ ದೊಡ್ಡವ್ವ."

"ಖರೇನ?"

"ಖರೇ. ನಿಂದು ಐತಿ ಅಂತಾನೂ ಗೊತ್ತಿರಲಿಲ್ಲ."

ಅವಳು ಅವನ ಮುಖ ನೋಡಿದಳು. ವಾರವೆಲ್ಲ ಸುಳ್ಳು ಹೇಳಿದ ಆ ಮುಖವನ್ನು ಈಗ ನಂಬು ಎನ್ನಲು ಅವನಿಗೆ ಬಾಯಿ ಇರಲಿಲ್ಲ.

"ಕೇಳಿದ್ರ ನಾಚಿಕಿ ನಂದಾಕಿತ್ತು," ಎಂದಳು. "ಕೇಳಿಲ್ಲ ಅಂದ್ರ ನಿಂದs. ಇಟ್ಕೋ."

ಗೌತಮಿ ಅವಳ ಮುಂದೆ ಕೂತಳು. "ಇನ್ನೊಮ್ಮೆ ಹೇಳು ದೊಡ್ಡವ್ವ. ಈ ಸಲ ನಾ ಯಾರಿಗೂ ಕೊಡಂಗಿಲ್ಲ."

"ಅದನ್ನ ಹೇಳಾಕ ನನಗ ಮೂವತ್ತು ವರ್ಷ ಹಿಡೀತು. ಹೇಳಿದೆ, ಮುಗೀತು. ಹಸಿದಿರೇನು? ರೊಟ್ಟಿ ಅದಾವು."

ಉಣ್ಣದೆ ಬಂದರೆ ಅದೂ ಒಂದು ತಪ್ಪಾಗುತ್ತಿತ್ತು. ಉಂಡು ಬಂದರು.

ಬಸ್ಸಿನಲ್ಲಿ ಗೌತಮಿ ಬೇರೆ ಸೀಟಿನಲ್ಲಿ ಕೂತಳು. ತೆಕ್ಕಲಕೋಟೆ ದಾಟಿದಮೇಲೆ ಹಿಂದಿನಿಂದ ಒಂದೇ ಮಾತು: "ಹಂಪೇಶ್‌ಗೆ ಫೋನ್ ಹಚ್ಚು. ಈಗs ಹಚ್ಚು, ನಾ ಕೇಳಬೇಕು."

ಇಂಜಿನ್ನಿನ ಸದ್ದಿನಲ್ಲಿ ಅವನು ಕೂಗಿಯೇ ಹೇಳಬೇಕಾಯಿತು. "ಅಳಿಸಿದ್ದು ನಾನು, ಹಂಪೇಶಪ್ಪ! ನಾನು, ನಾನು!" ಪಕ್ಕದಲ್ಲಿದ್ದ ಹಿರಿಯರು ಏನು ಕೇಡು ಮಾಡಿದವನೋ ಎಂಬಂತೆ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು.

ಆ ಕಡೆಯಿಂದ ಹಂಪೇಶ್, "ಅಣ್ಣಾರ, ಅವತ್ತs ಹೇಳಿದ್ರ ಲ್ಯಾಪ್‌ಟಾಪ್ ಮುಟ್ಟದs ಹಂಗs ಬಂದ್ ಮಾಡಿ ಇಡ್ತಿದ್ವಿ. ಅಳಿಸಿದ್ದನ್ನ ಹುಡುಕೋ ದಾರಿ ಅದಾವು. ಸಿಗ್ತಿತ್ತೋ ಇಲ್ಲೋ... ಒರೆಸ್ಲೇನು ಅಂತ ಕೇಳಿದ್ನೆಲ್ರಿ ನಿಮ್ಮನ್ನ" ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪ್ರಬಂಧದಲ್ಲಿ ಒಂಬತ್ತು ಹೆಂಗಸರ ಮಾತು ಅಚ್ಚಾಗಿದೆ. ಹತ್ತನೆಯವಳ ಪುಟವನ್ನೂ ಭೀಮರಾಜನೇ ಟೈಪ್ ಮಾಡಿದ: ಹೆಸರು, ಊರು, ನಲವತ್ತೊಂದು ನಿಮಿಷ, ಕೆಳಗೆ "ಇದನ್ನು ಅಳಿಸಿದವನು ಸಂಶೋಧಕಿಯ ಅಣ್ಣ" ಎಂಬ ಸಾಲು. ಗೌತಮಿ ಅದನ್ನು ತೆಗೆಯಲೂ ಇಲ್ಲ, ಸರಿ ಎನ್ನಲೂ ಇಲ್ಲ.

ಅಳಿಸಿದ ಭಾನುವಾರವೇ ಭೀಮರಾಜ ಬಾಯಿ ಬಿಟ್ಟಿದ್ದರೆ ಆ ಧ್ವನಿ ಸಿಗುತ್ತಿತ್ತೇ ಎಂಬುದು ಹಂಪೇಶನಿಗೂ ಗೊತ್ತಿಲ್ಲ. ಕೇಳಿಲ್ಲ ಎಂದ ಭೀಮರಾಜನ ಮಾತನ್ನು ವಿರೂಪಮ್ಮ ನಂಬಿದಳೇ ಎಂಬುದು ಅವನಿಗೆ ಗೊತ್ತಿಲ್ಲ. ಆ ನಲವತ್ತೊಂದು ನಿಮಿಷದಲ್ಲಿ ಅವಳು ಏನು ಹೇಳಿದ್ದಳೆಂಬುದು ಅವಳೊಬ್ಬಳನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.