ಧಣಿಯ ಮನೆಗೆ ಮೊದಲ ಸೌತೆಕಾಯಿ

ಮುಂಡಪ್ಪನವರು ಎಲ್ಲಿ ಕೂತರೂ ತುದಿಯಲ್ಲೇ ಕೂರುತ್ತಾರೆ. ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಅರ್ಧ ದೇಹವನ್ನು ಗಾಳಿಗೆ ಬಿಟ್ಟು ಕೂರುವುದು ಲೋಕಲ್ ರೈಲು ಹತ್ತಿದ ಡೊಂಬಿವಲಿಯವರೆಲ್ಲರ ಪ್ರಾರಬ್ಧವೇನೋ ಹೌದು. ಆದರೆ ಬೋಗಿ ಖಾಲಿಯಾಗಿ ಇಡೀ ಸೀಟು ತೆರವಾದ ಮೇಲೂ ಒಳಕ್ಕೆ ಸರಿಯದ ಮಹಾನುಭಾವರು ಇವರೊಬ್ಬರೇ ಇರಬೇಕು. ಠಾಣೆ ನಗರದ ವಕೀಲೆ ಶ್ರೀಪ್ರಿಯಾಳ ಕಚೇರಿಯಲ್ಲೂ ಕುರ್ಚಿಯ ಅಂಚಿನಲ್ಲಿ, ಯಾರಾದರೂ ಬಂದರೆ ಎದ್ದುಕೊಡುವವರ ಹಾಗೆ ಕೂತಿದ್ದರು. ಇಷ್ಟು ಸಂಕೋಚದ ಮನುಷ್ಯ ಪರರ ಭೂಮಿಯಲ್ಲಿ ಇಪ್ಪತ್ತೈದು ವರ್ಷ ತಳವೂರಿದ್ದಾದರೂ ಹೇಗೆ ಎಂಬುದು ಅವಳಿಗೆ ಸೋಜಿಗ.

ಭೂಮಿಯೆಂದರೆ ಡೊಂಬಿವಲಿಯ ಸೊಸೈಟಿಗಳ ಬೆನ್ನಿಗೆ ಕಸ ತುಂಬಿಕೊಂಡಿದ್ದ ಒಂದು ತಗ್ಗು. ಹೋಟೆಲಿನ ಕೆಲಸ ಬಿಟ್ಟ ಮುಂಡಪ್ಪನವರು ಯಾರನ್ನೂ ಕೇಳದೆ ಅದನ್ನು ಹಸನು ಮಾಡಿ, ಬೇಲಿ ಕಟ್ಟಿ, ಬಸಳೆಗೆ ಚಪ್ಪರ ಹಾಕಿ, ಹರಿವೆ, ಸೌತೆ ಬೆಳೆದು ಮಾರಿ, ಮೂಲೆಯಲ್ಲೊಂದು ಶೀಟಿನ ಮನೆ ಎಬ್ಬಿಸಿ ಸಂಸಾರ ನಡೆಸಿದರು. ನೋಂದಣಿಯಾದ ಹಕ್ಕು ಮಾತ್ರ ಅಲ್ಲಿನ ಮ್ಹಾತ್ರೆ ಮನೆತನದ್ದು. ಹಿರಿಯ ಮ್ಹಾತ್ರೆ ತೀರಿಕೊಂಡ ಮೇಲೆ ಮಗ, ಜಾಗ ಬಿಡಿಸಿಕೊಡಿ ಎಂದು ದಾವೆ ಹೂಡಿದ.

ದಾವೆಯ ಕಾಗದ ನೋಡಿ ಶ್ರೀಪ್ರಿಯಾ ಹುರುಪುಗೊಂಡಳು. ಒಡೆಯನನ್ನು ಲೆಕ್ಕಿಸದೆ, ಎಲ್ಲರ ಕಣ್ಣೆದುರೇ, ತನ್ನದೆಂದು ಹನ್ನೆರಡು ವರ್ಷ ಹಿಡಿದುಕೊಂಡವನಿಗೆ ಕಾನೂನು ಒಲಿಯುತ್ತದೆ. ಸುಮ್ಮನಿದ್ದ ಒಡೆಯ ಹಕ್ಕು ಕಳೆದುಕೊಳ್ಳುತ್ತಾನೆ.

"ನೀವು ಅಲ್ಲಿದ್ದದ್ದು ಮ್ಹಾತ್ರೆಯವರಿಗೆ ಗೊತ್ತಿತ್ತಾ, ಮಾಮಾ?"

"ಒಂದು ಲೆಕ್ಕದಲ್ಲಿ," ಎಂದರು. ಅವರ ಯಾವ ಮಾತಿಗೂ ಈ ಪೀಠಿಕೆ ಬೇಕು. "ಪ್ರತಿ ಚೌತಿಗೂ ಮೊದಲ ಸೌತೆಕಾಯಿ ಅವರ ಮನೆಗೇ ಅಲ್ವಾ ನಾನು ಕೊಟ್ಟದ್ದು? ಧಣಿಗಳಿಗೆ ಕೊಡದೆ ನಾವು ತಿನ್ಲಿಕ್ಕುಂಟಾ ಮಗಾ?"

ಅವಳು ತಲೆಯ ಮೇಲೆ ಕೈ ಹೊತ್ತಳು. ಹಬ್ಬಕ್ಕೆ ಒಕ್ಕಲಿನವರು ಧಣಿಯ ಜಗಲಿಗೆ ತರಕಾರಿ ಒಪ್ಪಿಸುವ ಕರಾವಳಿಯ ಹುಟ್ಟೂರಿನ ಪದ್ಧತಿ, ಊರಲ್ಲೇ ಧಣಿಗಳ ಕಾಲ ಮುಗಿದ ಮೇಲೂ, ಈ ಪುಣ್ಯಾತ್ಮರ ಜೊತೆ ಬಸ್ಸು ಹತ್ತಿ ಇಲ್ಲಿಯವರೆಗೆ ಬಂದಿತ್ತು! ಕೊಟ್ಟ ಸೌತೆಕಾಯಿ ಒಂದೊಂದೂ 'ನೆಲ ನಿಮ್ಮದು' ಎಂದು ಒಪ್ಪಿಕೊಂಡ ಹಾಗೆ.

"ಈ ವರ್ಷ ಮಾತ್ರ ಕೊಡ್ಬೇಡಿ," ಎಂದು ಕೈಮುಗಿದು ಹೇಳಿದಳು.

ಚೌತಿ ಬಂತು. ಮುಂಡಪ್ಪನವರು ಎಳೆ ಸೌತೆಯನ್ನು ಬಾಳೆಲೆಯಲ್ಲಿ ಸುತ್ತಿಕೊಂಡು, ತಮ್ಮನ್ನು ಬೀದಿಗೆ ಹಾಕಲು ಹೊರಟವನ ಮನೆಗೇ ರಸ್ತೆಯ ಅಂಚು ಹಿಡಿದು ನಡೆದರು. ಮ್ಹಾತ್ರೆಯ ಮಗ ತನ್ನ ವಕೀಲರಿಗೆ ಹೇಳಿದ. ವಕೀಲರು ಕಟಕಟೆಗೆ ಹತ್ತಿಸಿ ಕೇಳಿದರು: ಸೌತೆ ಯಾಕೆ ಕೊಟ್ಟಿರಿ? ಮುಂಡಪ್ಪನವರು ತಮ್ಮ ಹೋಟೆಲು ಮರಾಠಿಯಲ್ಲಿ, ಇದೇನು ಪ್ರಶ್ನೆ ಎಂಬ ಅಚ್ಚರಿಯಿಂದ, "ಜಾಗ ಅವರದ್ದಲ್ವಾ ಸಾಹೇಬರೇ" ಎಂದರು. ದಾವೆ ಅಲ್ಲಿಗೆ ಮುಗಿದಂತೆಯೇ.

ಜಾಗ ಬಿಡುವ ದಿನ ಶ್ರೀಪ್ರಿಯಾ ಸಿಟ್ಟು ಹೊತ್ತೇ ಹೋದಳು. ಸಾಮಾನು ಠಾಣೆ ಪಕ್ಕದ ಕಳವಾ ಎಂಬ ಊರಿನ ಬಾಡಿಗೆ ಕೋಣೆಗೆ ಹೊರಟಿತ್ತು. ಮುಂಡಪ್ಪನವರು ಬಸಳೆಯ ದಂಟೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟರು.

"ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನದು ಅಂತ ಅನ್ನಿಸಲಿಲ್ವಾ, ಮಾಮಾ?"

"ಒಂದು ಲೆಕ್ಕದಲ್ಲಿ..." ಎಂದವರು ಚಪ್ಪರದ ಕಡೆ ನೋಡಿದರು.

ಅವಳ ಸಿಟ್ಟು ಇಳಿಯಿತು. ಇಂಥವರ ಕುಲ ಇನ್ನೂ ಇದೆ. ಕೇಳದೆ ಬಿತ್ತುತ್ತಾರೆ, ಬೆಳೆದದ್ದರಲ್ಲಿ ಮೊದಲ ಪಾಲು ಹೊತ್ತು ಧಣಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಲೋಕ ಇವರನ್ನು ಜಾಗ ಕಬಳಿಸಿದವರೆಂದು ಕರೆಯುತ್ತದೆ. ಇವರಿಗೋ, ಇಡೀ ಸೀಟು ಖಾಲಿಯಾದರೂ ಒಳಕ್ಕೆ ಸರಿದು ಕೂರಲು ಬರುವುದಿಲ್ಲ.